ಮಾಜಿ ಸೈನಿಕರ ಬಾಳನ್ನು ಪುಸ್ತಿಕೆಯಾಗಿಸುವುದು: ನನ್ನ ಅನುಭವ

ದಾವಣಗೆರೆ, ಚಿತ್ರದುರ್ಗದ ಕಡೆ ಹಿರಿಯರು ತೀರಿಕೊಂಡಾಗ ಶಿವಗಣಾರಾಧನೆಯ ದಿನ ಹಂಚಲು ಚಿಕ್ಕ ಪುಸ್ತಿಕೆ ಮಾಡಿಸುವ ಮನೆಗಳಿವೆ. ಮಾಜಿ ಸೈನಿಕರದ್ದಾದರೆ ಅಷ್ಟು ಅವಸರ ಬೇಡ, ವರ್ಷದ ಪುಣ್ಯಸ್ಮರಣೆಗೆ ಮಾಡೋಣ ಎನ್ನುತ್ತೇನೆ. ಅವರ ಬಾಳಿನ ಅರ್ಧ ಸೈನ್ಯದ ಕಾಗದಗಳಲ್ಲಿರುತ್ತದೆ, ಇನ್ನರ್ಧ ಮನೆಯ ಹೆಂಗಸರ ನೆನಪಿನಲ್ಲಿ. ಎರಡನ್ನೂ ತಾಳೆ ಹಾಕದೆ ಬರೆದರೆ ಸುಳ್ಳು ನುಸುಳುತ್ತದೆ.

ಮೊದಲು ತಗಡಿನ ಟ್ರಂಕು ತೆರೆಸಬೇಕು. ಅದರ ಮೇಲೆ ಬಣ್ಣದಲ್ಲಿ ಬರೆದ ನಂಬರು, ರ‍್ಯಾಂಕು, ಹೆಸರನ್ನು ಫೋಟೊ ತೆಗೆಯಿರಿ. ಒಳಗಿನ ಡಿಸ್ಚಾರ್ಜ್ ಬುಕ್ಕೇ ಮುಖ್ಯ ಆಧಾರ: ಭರ್ತಿಯಾದ ದಿನ, ಬಿಟ್ಟ ದಿನ, ಪದಕಗಳು, ಹೆಂಡತಿ ಮಕ್ಕಳ ಹೆಸರು ಸಿಗುವುದು ಅಲ್ಲಿಯೇ. ಹುಟ್ಟಿದ ದಿನವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಆ ಕಾಲದಲ್ಲಿ ಮೇಷ್ಟ್ರು ಅಂದಾಜಿನಲ್ಲಿ ಬರೆಸಿದ್ದೇ ಹೆಚ್ಚು.

ಪದಕಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ನಂಬರು, ಹೆಸರು ಕೊರೆದಿರುತ್ತದೆ, ಭೂತಗನ್ನಡಿ ಹಿಡಿದು ನೋಡಬೇಕು. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ಕ್ಕೆ ಪೂರ್ವದ ರಂಗದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ಅದೇ ಯುದ್ಧದ ಸಂಗ್ರಾಮ ಪದಕವನ್ನು ಇನ್ನೂ ಹೆಚ್ಚು ಜನರಿಗೆ ಕೊಟ್ಟಿದ್ದಾರೆ, ಅದೊಂದೇ ಇದ್ದರೆ ಮುಂಚೂಣಿಯಲ್ಲಿ ಕಾದಾಡಿದರು ಎಂದು ಬರೆಯಲಾಗದು. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು, ಯುದ್ಧಕ್ಕೆ ಸಂಬಂಧಿಸಿದ್ದಲ್ಲ. ಮೊಮ್ಮಕ್ಕಳು ಪ್ರೀತಿಯಿಂದ ಅಜ್ಜನನ್ನು ಟ್ಯಾಂಕಿನ ಮೇಲೆ ಕೂರಿಸಿಬಿಡುತ್ತಾರೆ. ಲಾರಿ ಓಡಿಸಿ ಮುಂಚೂಣಿಗೆ ರೇಷನ್ ಮುಟ್ಟಿಸಿದವರ ಬಾಳಿಗೆ ಇಲ್ಲದ ವೀರಗಾಥೆ ಬೇಕಿಲ್ಲ. ಆ ಕೆಲಸವನ್ನು ಇದ್ದಂತೆ ಬರೆದರೇ ಅವರಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ.

ಕಾಗದದಲ್ಲಿ ಕೊರತೆಯಿದ್ದರೆ ಪತ್ನಿ ಅಥವಾ ಮಕ್ಕಳ ಸಹಿಯಲ್ಲಿ ಅವರ ದಳದ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಾದರೆ ಬೆಂಗಳೂರು, ಮರಾಠಾ ಲಘು ಪದಾತಿದಳದವರಾದರೆ ಬೆಳಗಾವಿ. ವಿಳಾಸದಲ್ಲಿ ಹಳೆಯ ಜಿಲ್ಲೆಯನ್ನೂ ಕಾಣಿಸಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಸೈನ್ಯಕ್ಕೆ ಸೇರಿದ ಹರಿಹರ, ಜಗಳೂರಿನವರ ದಾಖಲೆಯಲ್ಲಿ ಚಿತ್ರದುರ್ಗ ಜಿಲ್ಲೆ ಎಂದೂ, ಹೊನ್ನಾಳಿ, ಚನ್ನಗಿರಿಯವರದರಲ್ಲಿ ಶಿವಮೊಗ್ಗ ಎಂದೂ ಇರುತ್ತದೆ.

ಆಮೇಲೆ ಅಜ್ಜಿಯ ಹತ್ತಿರ ಕೂರಬೇಕು. ‘ಅವರ ಬಗ್ಗೆ ಹೇಳಿ’ ಎಂದರೆ ‘ಏನ್ ಹೇಳ್ಲಪ್ಪ, ಒಳ್ಳೇರಿದ್ರು’ ಎಂದು ಸುಮ್ಮನಾಗುತ್ತಾರೆ. ಯಾವ ಮಗುವಿನ ಬಾಣಂತನದಲ್ಲಿ ಅವರು ಊರಲ್ಲಿರಲಿಲ್ಲ, ಮನಿಯಾರ್ಡರ್ ಯಾರ ಹೆಸರಿಗೆ ಬರುತ್ತಿತ್ತು, ರಜೆಗೆ ಬಂದಾಗ ಮೊದಲು ಹೋಗುತ್ತಿದ್ದುದು ಹೊಲಕ್ಕೋ ಮಠಕ್ಕೋ ಎಂದು ಕೇಳಿದರೆ ಮಾತು ಹೊರಡುತ್ತದೆ. ಆಕೆ ಇಸವಿ ಹೇಳುವುದಿಲ್ಲ. ಬರ, ಜಾತ್ರೆ, ಮದುವೆಗಳಿಂದ ಲೆಕ್ಕ ಹಿಡಿಯಬೇಕು. ಲಗ್ನಪತ್ರಿಕೆಯ ಸಂವತ್ಸರ ಇಲ್ಲಿ ಕೈಹಿಡಿಯುತ್ತದೆ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ 1971ರ ಯುಗಾದಿಗೆ ಶುರುವಾದ ವಿರೋಧಿಕೃತ್ ಸಂವತ್ಸರದ ಮಾಘ ಮಾಸದ ಮದುವೆ ನಡೆದದ್ದು 1971ರಲ್ಲಲ್ಲ, 1972ರ ಜನವರಿ–ಫೆಬ್ರವರಿಯಲ್ಲಿ. ಹಳೆಯ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರಿರುವುದಿಲ್ಲ. ‘99 ಎಪಿಒ’ (ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ) ಎಂದಿದ್ದರೆ ಪೂರ್ವ ಭಾಗ, ‘56 ಎಪಿಒ’ ಎಂದಿದ್ದರೆ ಉತ್ತರ–ಪಶ್ಚಿಮ ಎಂದು ಹಿಡಿಯಬಹುದು.

ಒಂದು ಹಾಳೆಗೆ ನಡುವೆ ಗೆರೆ ಎಳೆದು ಎಡಕ್ಕೆ ಪೋಸ್ಟಿಂಗು, ಬಲಕ್ಕೆ ಮನೆಯ ಸಂಗತಿ ಬರೆಯುತ್ತೇನೆ. ಅವರು ಗಡಿಯಲ್ಲಿದ್ದ ತಿಂಗಳುಗಳಲ್ಲಿ ಬಿತ್ತನೆ ಮಾಡಿಸಿದವರು, ಮಕ್ಕಳನ್ನು ಶಾಲೆಗೆ ಸೇರಿಸಿದವರು ಯಾರೆಂಬುದು ಆಗ ಎದ್ದು ಕಾಣುತ್ತದೆ. ಪುಸ್ತಿಕೆಯ ತಿರುಳು ಅದೇ. ನಿವೃತ್ತಿಯ ನಂತರದ ಬದುಕಿಗೂ ಸೇವೆಯಷ್ಟೇ ಪುಟ ಕೊಡಿ. ಹದಿನೈದು ವರ್ಷ ಸೈನ್ಯದಲ್ಲಿದ್ದವರು ಆಮೇಲೆ ನಲವತ್ತು ವರ್ಷ ಅಡಿಕೆ ತೋಟವನ್ನೋ ಬ್ಯಾಂಕಿನ ಬಾಗಿಲನ್ನೋ ಕಾದಿರುತ್ತಾರೆ.

ಇದೇ ಹೊತ್ತಿಗೆ ಅಜ್ಜಿಯ ಹೆಸರು ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್ ಮೂರರಲ್ಲೂ ಒಂದೇ ಇದೆಯೇ ನೋಡಿ. ಒಂದರಲ್ಲಿ ‘ಗಂಗಮ್ಮ’, ಇನ್ನೊಂದರಲ್ಲಿ ‘ಗಂಗಾಬಾಯಿ’ ಎಂದಿದ್ದರೆ ಕುಟುಂಬ ಪಿಂಚಣಿ ತಡೆಯಬಹುದು. ಪುಸ್ತಿಕೆ ಪಕ್ಕಕ್ಕಿಟ್ಟು ಮೊದಲು ಸೈನಿಕ ಕಲ್ಯಾಣ ಕಚೇರಿಗೆ ಹೋಗಿ.

ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಚಿತ್ರದ ಪದರವೇ ಕಿತ್ತುಬರುತ್ತದೆ. ಗಾಜಿನ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಮೂಲ ಕಾಗದ ಯಾವುದನ್ನೂ ಪ್ರೆಸ್ಸಿಗೆ ಕೊಡಬೇಡಿ. ಡೆಮಿ ಅಷ್ಟಪತ್ರ (ಸಾಮಾನ್ಯ ಪುಸ್ತಕದ ಅಳತೆ) ಆದರೆ 32 ಪುಟಕ್ಕೆ ಎರಡು ಫಾರಂ, ಎಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಎರಡು ಕಂತು. ಪಿನ್ ಹೊಡೆಯಲು ಪುಟಗಳು ನಾಲ್ಕರಿಂದ ಭಾಗವಾಗಬೇಕು. ಒಳಗೆ 80 ಜಿಎಸ್ಎಂ ತೂಕದ ಮ್ಯಾಪ್‌ಲಿಥೊ (ಹೊಳಪಿಲ್ಲದ ಅಚ್ಚಿನ ಕಾಗದ) ಸಾಕು, ಫೋಟೊ ಪುಟಗಳಿಗೆ ಆರ್ಟ್ ಪೇಪರ್ ಬೇಕು. ಯೂನಿಕೋಡ್ ಬರಹವನ್ನು ಪ್ರೆಸ್ಸಿನವರ ‘ನುಡಿ’ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದರಿಂದ ಕರಡನ್ನು ಪರದೆಯ ಮೇಲಲ್ಲ, ಕಾಗದದಲ್ಲಿ ತಿದ್ದಬೇಕು. ಸೇವಾ ನಂಬರು, ಪಿಪಿಒ ನಂಬರು, ಬ್ಯಾಂಕ್ ಖಾತೆ ಕಾಣುವ ಚಿತ್ರಗಳನ್ನು ಮಸುಕು ಮಾಡಿಸಿ.

ಕೊನೆಯ ಕರಡನ್ನು ಹಿರಿಮಗಳ ಕೈಗೆ ಕೊಡುತ್ತೇನೆ. ಗಂಡುಮಕ್ಕಳು ತಿದ್ದಿದ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಮನೆಯ ಮೊಮ್ಮಕ್ಕಳ ಹೆಸರು ಬಿಟ್ಟುಹೋಗುವುದುಂಟು. ಅದನ್ನು ಹಿಡಿಯುವವರು ಅವರೇ.