‘ವರುಣನ ಆರ್ಭಟ’ ಅಂದರೆ ಯಾರ ಆರ್ಭಟ? ಮಳೆ ಸುದ್ದಿಯನ್ನು ಹೀಗೆ ಓದಿ

ಪೆನ್ಸಿಲ್ ಇಟ್ಟುಕೊಂಡು ಪೇಪರ್ ಓದಿ. ಮೊದಲು ‘ಹವಾಮಾನ’ ಅನ್ನುವ ಪದ ಎಲ್ಲೆಲ್ಲಿ ಬಂದಿದೆ ಅಂತ ಗುರುತು ಹಾಕಿ. ಕನ್ನಡದಲ್ಲಿ ಈ ಒಂದೇ ಪದದ ತಲೆ ಮೇಲೆ ಎರಡು ಹೊರೆ ಇದೆ. ನಾಳೆ ಮಳೆ ಬರುತ್ತಾ ಅನ್ನೋದೂ ಹವಾಮಾನ, ಸುಮಾರು 30 ವರ್ಷದ ಬಿಸಿಲು ಮಳೆ ಲೆಕ್ಕ ಹಾಕಿ ತೆಗೆದ ಸರಾಸರಿಯೂ ಹವಾಮಾನ. ಅದಕ್ಕೇ ‘ಹವಾಮಾನ ಬದಲಾವಣೆ’ ಅಂತ ಓದಿ ಹೇಳಿದರೆ ನಮ್ಮಮ್ಮ, ‘ಅದು ದಿನಾ ಬದಲಾಗುತ್ತೆ ಅಲ್ವಾ’ ಅಂದರು. ಅವರ ತಪ್ಪಲ್ಲ. ಶಾಲೆಯ ಭೂಗೋಳ ಪಾಠದಲ್ಲಿ ಎರಡನೆಯದಕ್ಕೆ ‘ವಾಯುಗುಣ’ ಅನ್ನುವ ಒಳ್ಳೆಯ ಪದ ಇದೆ, ಸುದ್ದಿಯಲ್ಲಿ ಅದು ಅಪರೂಪ. ಇದು ಈ ವಾರದ ಮಾತಾ, 30 ವರ್ಷದ ಮಾತಾ ಅಂತ ನೀವೇ ಕೇಳಿಕೊಳ್ಳಬೇಕು.

ಆಮೇಲೆ ಹೆಡ್‌ಲೈನಿನಲ್ಲಿ ಕೆಲಸ ಮಾಡಿದವರು ಯಾರು ಅಂತ ನೋಡಿ. ‘ವರುಣನ ಆರ್ಭಟ’, ಮಳೆ ಬರದಿದ್ದರೆ ‘ವರುಣನ ಮುನಿಸು’. ಓದಿ ಓದಿ ನಮಗೆ ಅಭ್ಯಾಸವಾಗಿದೆ. ಆದರೆ ಮುನಿದ ದೇವರಿಗೆ ಕೈ ಮುಗಿಯಬಹುದು, ಪ್ರಶ್ನೆ ಕೇಳೋಕೆ ಆಗಲ್ಲ. ವಾಯುಗುಣವನ್ನು ಬದಲಿಸುವ ಕಲ್ಲಿದ್ದಲು, ಡೀಸೆಲ್ ಹೊಗೆ, ಕಡಿದ ಕಾಡು ಯಾವುದಕ್ಕೂ ಆ ಸಾಲಿನಲ್ಲಿ ಜಾಗವೇ ಇರಲ್ಲ.

ಕ್ರಿಯಾಪದವನ್ನೂ ಬಿಡಬೇಡಿ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ, ಇಂಥ ಮಳೆಯಲ್ಲಿ ಹವಾಮಾನ ಬದಲಾವಣೆಯ ಪಾಲು ಎಷ್ಟು ಅಂತ ನೋಡುವ ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ತಂಡದ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಹವಾಮಾನ ಬದಲಾವಣೆಯಿಂದ ಆ ದಿನದ ಮಳೆ ಸುಮಾರು ಶೇ 10ರಷ್ಟು ಜಾಸ್ತಿಯಾಗಿತ್ತು. ‘ಹೆಚ್ಚಿಸಿತು’ ಬೇರೆ, ‘ಕಾರಣವಾಯಿತು’ ಬೇರೆ. ಎರಡನೆಯದನ್ನು ಬರೆದರೆ ಇಳಿಜಾರಿನ ಮಣ್ಣು, ಅಲ್ಲಿನ ಕಟ್ಟಡ, ಎಚ್ಚರಿಕೆ ಸಮಯಕ್ಕೆ ತಲುಪಿತಾ ಅನ್ನುವ ಪ್ರಶ್ನೆ ಎಲ್ಲವೂ ಮರೆಗೆ ಸರಿಯುತ್ತವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದ್ದು ಜೋರು ಮಳೆಯಿಂದ ಮಾತ್ರ ಅಲ್ಲ, ಮಳೆನೀರು ಹರಿದುಹೋಗುವ ರಾಜಕಾಲುವೆಗಳ ಒತ್ತುವರಿಯಿಂದ ಕೂಡ. ‘ಹವಾಮಾನ ವೈಪರೀತ್ಯ’ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಒತ್ತುವರಿ ಮಾಡಿದವರು ಆರಾಮಾಗಿ ಪಾರಾಗುತ್ತಾರೆ. ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲೇ.

ಇನ್ನು ‘ಮೇಘಸ್ಫೋಟ’. ಹವಾಮಾನ ಇಲಾಖೆ ಪ್ರಕಾರ ಸಣ್ಣ ಪ್ರದೇಶದಲ್ಲಿ ಒಂದೇ ಗಂಟೆಗೆ 100 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಮಳೆ ಬಿದ್ದರೆ ಅದು ಮೇಘಸ್ಫೋಟ. ಅಂಕಿ ಕೊಡದೆ ಸುಮ್ನೆ ಹಾಗೆ ಬರೆದಿದ್ದರೆ ನಂಬಬೇಡಿ.

ಮನೆಯವರ ವಾಟ್ಸಾಪ್ ಗುಂಪಿಗೆ ಸುದ್ದಿ ಕಳಿಸುವಾಗ ಮೇಲೆ ಒಂದು ಸಾಲು ನೀವೇ ಬರೆಯಿರಿ: ಎಲ್ಲಿ, ಎಷ್ಟು ಮಿಲಿಮೀಟರ್, ಎಷ್ಟು ಗಂಟೆಯಲ್ಲಿ, ನೀರು ಯಾಕೆ ನಿಂತಿತು. ಇವು ಸುದ್ದಿಯಲ್ಲಿ ಸಿಗದಿದ್ದರೆ ಪೇಪರಿನ ಸಂಪಾದಕರಿಗೆ ಎರಡು ಸಾಲಿನ ಪತ್ರ ಹಾಕಿ, ಕೇಳಿ.