ಮೀನುಗಾಡಿಯ ಟೇಲ್ ಲೈಟಿಗೆ ಬೋಟಿನ ವೈರು

ಬ್ರೇಕ್ ಒತ್ತಿದರೆ ಇಂಡಿಕೇಟರೂ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜೊತೆಗೆ ತಾಳ ಹಾಕುತ್ತದೆ. ನನ್ನ ಕೈಗೆ ಬರುವ ಮೀನುಗಾಡಿಗಳು ಎಫ್‌ಸಿಯಲ್ಲಿ, ಅಂದರೆ ಫಿಟ್‌ನೆಸ್ ತಪಾಸಣೆಯಲ್ಲಿ, ಬೀಳುವುದು ಹೆಚ್ಚಾಗಿ ಇದಕ್ಕೇ. 8 ವರ್ಷ ದಾಟಿದ ಗಾಡಿಗಂತೂ ವರ್ಷವರ್ಷ ಇದೇ ಗೋಳು. ಸ್ವಿಚ್ ಬದಲಿಸು, ಲ್ಯಾಂಪ್ ಬದಲಿಸು, ಕೊನೆಗೆ ವೈರಿಂಗೇ ಕಿತ್ತು ಹಾಕು ಎನ್ನುವವರೇ ಎಲ್ಲ. ಹಾಗೆ ಮಾಡಿ ಒಂದೇ ಗಾಡಿಗೆ ನಾಲ್ಕು ಸಾವಿರದ ಹತ್ತಿರ ಸುರಿದೆ. ಒಂದು ಮಳೆಗಾಲ ತಡೆಯಲಿಲ್ಲ.

ತಪ್ಪು ಇರುವುದು ಅರ್ತಿನಲ್ಲಿ, ಅಂದರೆ ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿಯಲ್ಲಿ. ಐಸು ಕರಗಿದ ಉಪ್ಪುನೀರು ಬಾಡಿಯಿಂದ ಸೋರಿ ಚಾಸಿಯ ಹಿಂದಿನ ಅಡ್ಡಪಟ್ಟಿ, ಕ್ರಾಸ್ ಮೆಂಬರ್ ಮೇಲೆ ಬೀಳುತ್ತದೆ, ಅರ್ತ್ ಬೋಲ್ಟ್ ಇರುವುದೂ ಅಲ್ಲೇ. ಅರ್ತ್ ಸಿಗದ ಕರೆಂಟು ಬ್ರೇಕಿನ 21 ವಾಟಿನ ಫಿಲಮೆಂಟಿನಿಂದ ಅದೇ ಬಲ್ಬಿನ ಟೇಲ್ ಲೈಟಿನ 5 ವಾಟಿನದಕ್ಕೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಮೀಟರಿನಲ್ಲಿ ಬೀಪ್ ಬಂತೆಂದು ನಂಬಬೇಡಿ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಬ್ರೇಕ್ ಒತ್ತಿ ಹಿಡಿದು ಹೋಲ್ಡರಿನ ಅರ್ತ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ವೋಲ್ಟ್ ನೋಡಿ. ಆ ಗಾಡಿಯಲ್ಲಿ ಎರಡರ ಹತ್ತಿರ ತೋರಿಸಿತ್ತು. ಕಾಲು ವೋಲ್ಟಿನೊಳಗೆ ಇರಬೇಕು.

ಮೊದಲು ಬೋಲ್ಟ್ ಉಜ್ಜಿ ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿದೆ. ಎರಡೇ ತಿಂಗಳು. ಬೆಸುಗೆ ಹಾಕಿದೆ, ಬೆಸುಗೆ ಮುಗಿಯುವಲ್ಲೇ ತಂತಿ ಅಲುಗಾಟಕ್ಕೆ ತುಂಡಾಯಿತು. ಸಿಪ್ಪೆ ಸುಲಿದು ನೋಡಿದರೆ ಗೇಣುದ್ದ ಒಳಗೂ ಕಪ್ಪು, ಮೇಲೆ ಹಸಿರು ಕಿಲುಬು. ಉಪ್ಪುನೀರು ಎಳೆಗಳ ನಡುವೆ ಬತ್ತಿಯಂತೆ ಏರುತ್ತದೆ. ಎಲ್‌ಇಡಿ ಬಲ್ಬೂ ಹಾಕಿದೆ. ಅದು ಕರೆಂಟು ಕಡಿಮೆ ಎಳೆಯುವುದರಿಂದ ಒಂದಷ್ಟು ದಿನ ಕಾಯಿಲೆ ಮುಚ್ಚಿತು, ಆಮೇಲೆ ಇಂಡಿಕೇಟರ್ ಪಟಪಟ ಹೊಡೆಯತೊಡಗಿತು.

ಈಗ ಕಾರವಾರದ ಬೈತಖೋಲ್ ಬಂದರಿನ ಕಡೆ ಬೋಟಿಗೆ ಬಳಸುವ ಕಲಾಯಿ ಹಾಕಿದ ತಾಮ್ರದ ವೈರು ತರುತ್ತೇನೆ, 2.5 ಸ್ಕ್ವೇರ್ ಎಂಎಂ. ಎರಡೂ ಲ್ಯಾಂಪಿನ ಅರ್ತನ್ನು ಹಿಂದಿನ ಬೋಲ್ಟಿನಿಂದ ಬಿಡಿಸಿ, ಬೇರೆಬೇರೆ ವೈರಿನಲ್ಲಿ ಮುಂದಕ್ಕೊಯ್ದು ಗೇರ್‌ಬಾಕ್ಸಿನ ಅರ್ತ್ ಪಟ್ಟಿ ಕೂರುವ ಬೋಲ್ಟಿಗೇ ಕಟ್ಟುತ್ತೇನೆ. ಅಲ್ಲಿ ಚಾಸಿಯ ಪೇಂಟು ಲಗ್‌ನಷ್ಟೇ ಅಗಲ ಕೆರೆಯಿರಿ. ಲಗ್ ಒತ್ತಿ, ಒಳಗೆ ಅಂಟು ಸವರಿದ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಕಾಯಿಸಿ, ತುದಿಯಿಂದ ಅಂಟು ಜಿನುಗಿದ ಮೇಲೇ ಬಿಡಿ. ವ್ಯಾಸಲಿನ್ ಹಚ್ಚುವುದು ಬೋಲ್ಟ್ ಬಿಗಿ ಮಾಡಿದ ನಂತರ, ಮೊದಲಲ್ಲ. ಲಗ್ ಒತ್ತುವ ಮೊದಲು ವೈರಿನ ತುದಿಗೆ ನಾನು ಹಚ್ಚುವುದೇನು ಎಂಬುದು ನನ್ನ ಹತ್ತಿರವೇ ಇರಲಿ. ಎಲ್ಲ ಸೇರಿ ಆರುನೂರರೊಳಗೆ, ಅರ್ಧ ದಿನದ ಕೆಲಸ. "ಗಾಡಿಗೆ ಬೋಟಿನ ವೈರಾ?" ಎಂದು ನಕ್ಕವರು ಈಗ ಅಂಗಡಿ ಯಾವುದೆಂದು ಕೇಳುತ್ತಾರೆ. ಮೊದಲ ಗಾಡಿ ಮೂರು ಮಳೆಗಾಲ ಕಂಡಿದೆ.

ನಡುವೆ ಕ್ರಾಸ್ ಮೆಂಬರಿಗೆ ಗೇರುಸಿಪ್ಪೆ ಎಣ್ಣೆ ಬಳಿದು ನೋಡಿದೆ. ವಾರ್ನಿಷಿನಂತೆ ಕೂತಿತು, ತುಕ್ಕೂ ನಿಂತಿತು, ಆದರೆ ಕೈಯೆಲ್ಲ ಬೊಕ್ಕೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಘಟ್ಟದ ಮೇಲಿನ ಶಿರಸಿ ಗಾಡಿಗಳಿಗೆ ಇಷ್ಟೆಲ್ಲ ಬೇಡ. ಅಲ್ಲಿ ಮಳೆ ಉಂಟು, ಉಪ್ಪಿಲ್ಲ. ಬೋಲ್ಟ್ ಉಜ್ಜಿದರೆ ಸಾಕು. ಎಲ್ಲಿಯದೇ ಆಗಲಿ, ಎಫ್‌ಸಿಗೆ ಹೊರಡುವ ಮುನ್ನ ಹೆಡ್‌ಲೈಟ್, ಬ್ರೇಕ್, ನಾಲ್ಕೂ ಇಂಡಿಕೇಟರ್ ಒಟ್ಟಿಗೇ ಹಾಕಿ ನೋಡಿ. ಒಂದೊಂದೇ ಹಾಕಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ.