ಟಿ-2000ಕ್ಕೆ ನಾನೇ ಗಟ್ಟಿಂಗ್ ಮಾಡಿದ್ದು

ಷಿಕಾಗೊ ಪಕ್ಕದ ನಮ್ಮ ಬಡಾವಣೆಯಲ್ಲಿ ಬೇಸಿಗೆ ಬಂದರೆ ಶನಿವಾರ ಶನಿವಾರ ಗ್ಯಾರೇಜ್ ಸೇಲ್. ಹೋದ ವರ್ಷ ಅಂಥ ಒಂದು ಕಡೆ ಹಳೆಯ ಗಾಲ್ಫ್ ಕೋಲುಗಳ ಮಧ್ಯೆ ಫಳಫಳ ಹೊಳೆಯುವ ಹಿಡಿಯೊಂದು ಕಂಡಿತು. ಎಳೆದು ನೋಡಿದರೆ ವಿಲ್ಸನ್ ಟಿ-2000, ಹಳೆಯ ಕಾಲದ ಸ್ಟೀಲ್ ಟೆನಿಸ್ ರಾಕೆಟ್! ಗಟ್ಟು, ಅಂದರೆ ಚೆಂಡು ತಾಗುವ ಎಳೆ, ಪೂರ್ತಿ ಹರಿದಿತ್ತು. ಹತ್ತು ಡಾಲರ್ ಕೊಟ್ಟು ತಂದೆ.

ನಾನು ಒಂಬತ್ತು ವರ್ಷದಿಂದ ಮನೆಯ ನೆಲಮಾಳಿಗೆಯಲ್ಲಿ ರಾಕೆಟ್‌ಗಳಿಗೆ ಗಟ್ಟು ಕಟ್ಟುತ್ತಿದ್ದೇನೆ. ಊರಲ್ಲಿ ಗಟ್ಟಿಂಗ್ ಅಂತೀವಲ್ಲ, ಅದೇ ಕೆಲಸ. ಮಾಮೂಲಿ ರಾಕೆಟ್ ಆದರೆ ಮುಕ್ಕಾಲು ಗಂಟೆ ಸಾಕು. ಇದಕ್ಕೆ ಎರಡು ಸಂಜೆ ಹಿಡಿಯಿತು.

ಕಾರಣ ಅದರ ತಂತಿ. ಬೇರೆ ರಾಕೆಟ್‌ಗಳಲ್ಲಿ ಗಟ್ಟು ಫ್ರೇಮಿನ ತೂತುಗಳ ಮೂಲಕ ಹೋಗುತ್ತದೆ. ಇದರಲ್ಲಿ ಅಂಥ ತೂತೇ ಇಲ್ಲ. ಸ್ಟೀಲ್ ಕೊಳವೆಯನ್ನು ಬಗ್ಗಿಸಿ ತಲೆ ಮಾಡಿದ್ದಾರೆ. ಅದರ ಸುತ್ತ ಸಣ್ಣ ತಂತಿ ಸುತ್ತಿಕೊಂಡು ಹೋಗಿ, ಒಳಗಡೆ ಸಾಲಾಗಿ ಪುಟ್ಟ ಪುಟ್ಟ ಕುಣಿಕೆಗಳಾಗಿವೆ. ಗಟ್ಟು ಆ ಕುಣಿಕೆಗಳಲ್ಲಿ ತೂಗುತ್ತದೆ, ಫ್ರೇಮನ್ನು ಮುಟ್ಟುವುದಿಲ್ಲ.

ಈ ಯೋಚನೆ ಫ್ರಾನ್ಸಿನ ರೆನೆ ಲಾಕೋಸ್ಟ್ ಅವರದ್ದು. ಮೊಸಳೆ ಗುರುತಿನ ಟೀ ಶರ್ಟಿನ ಲಾಕೋಸ್ಟ್ ಅಂದರೆ ಎಲ್ಲರಿಗೂ ಗೊತ್ತು. ಅವರು 1920ರ ದಶಕದಲ್ಲಿ ಏಳು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದವರು. ಅಭ್ಯಾಸಕ್ಕೆಂದು ಚೆಂಡು ಎಸೆಯುವ ಯಂತ್ರವನ್ನೂ ಮಾಡಿದ್ದರು. ಆಗಿನ ಮರದ ರಾಕೆಟ್ ತೇವಕ್ಕೆ ಸೊಟ್ಟಗಾಗುತ್ತಿತ್ತು. ಆಟ ಮುಗಿದ ಮೇಲೆ ಅದನ್ನು ಪ್ರೆಸ್ಸಿಗೆ ಹಾಕಿ ಬಿಗಿಯಬೇಕಿತ್ತು. ಸ್ಟೀಲಿಗೆ ಆ ತಾಪತ್ರಯ ಇಲ್ಲ. ಆದರೆ ತೆಳುವಾದ ಕೊಳವೆಗೆ ಸುತ್ತಲೂ ತೂತು ಕೊರೆದರೆ ಅದರ ಬಲ ಹೋಗುತ್ತದೆ, ತೂತಿನ ಅಂಚು ಗಟ್ಟನ್ನೂ ಕೊಯ್ಯುತ್ತದೆ. ತಂತಿಯ ಕುಣಿಕೆ ಎರಡನ್ನೂ ತಪ್ಪಿಸಿತು. 1963ರಲ್ಲಿ ಅವರ ರಾಕೆಟ್ ಹೊರಬಂತು. 1967ರಲ್ಲಿ ಅಮೆರಿಕದಲ್ಲಿ ವಿಲ್ಸನ್ ಅದನ್ನೇ ಟಿ-2000 ಅಂತ ತಂದಿತು. ಅದೇ ವರ್ಷ ಅಮೆರಿಕದ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಇದನ್ನು ಹಿಡಿದು ಅಮೆರಿಕನ್ ಚಾಂಪಿಯನ್‌ಶಿಪ್ ಗೆದ್ದರು.

ಇಷ್ಟೆಲ್ಲ ಓದಿ ತಿಳಿದಿದ್ದೆ. ಕೈಗೆ ಅರ್ಥವಾಗಿದ್ದು ಮಾತ್ರ ಗಟ್ಟು ಹಾಕುವಾಗಲೇ.

ಮೊದಲ ಸಂಜೆ ಅವಸರ ಮಾಡಿದೆ. ಉದ್ದದ ಎಳೆಗಳು ಅರ್ಧ ಆಗಿದ್ದವು. ಗಟ್ಟು ಬಿಗಿಯುವ ಯಂತ್ರ ಎಳೆಯುತ್ತಿದ್ದ ಹಾಗೇ ಎಳೆ ಟಪ್ ಅಂತ ಹರಿಯಿತು. ಹರಿದ ಜಾಗದ ಕುಣಿಕೆ ನೋಡಿದೆ, ಕಣ್ಣಿಗೆ ಏನೂ ಕಾಣಲಿಲ್ಲ. ಒಂದು ಚೂರು ಹತ್ತಿಯನ್ನು ದಾರದಂತೆ ಹೊಸೆದು ಅದರೊಳಗೆ ಎಳೆದೆ. ನಾಲ್ಕಾರು ಎಳೆ ಅಲ್ಲೇ ಸಿಕ್ಕಿಕೊಂಡವು. ತುಕ್ಕು ತಂತಿಯನ್ನು ಗರಗಸ ಮಾಡಿಬಿಟ್ಟಿತ್ತು! ಆಮೇಲೆ ಸುತ್ತಲಿನ ಎಲ್ಲ ಕುಣಿಕೆಗೂ ಹತ್ತಿ ಹಾಕಿ ನೋಡಿದೆ. ಸಿಕ್ಕಿಕೊಂಡ ಕಡೆಯೆಲ್ಲ ಒಂದು ಹನಿ ಎಣ್ಣೆ ಬಿಟ್ಟು, ತೀರಾ ನುಣ್ಣನೆಯ ಸ್ಟೀಲ್ ಉಣ್ಣೆಯಿಂದ ಉಜ್ಜಿದೆ. ಹತ್ತಿ ಜಾರಿ ಹೋಗುವವರೆಗೂ ಬಿಡಲಿಲ್ಲ. ಹಳೆಯ ಟಿ-2000 ಸಿಕ್ಕವರು ದಯವಿಟ್ಟು ಇದನ್ನೇ ಮೊದಲು ಮಾಡಿ. ಹಿಡಿಗೆ ಹೊಸ ಟೇಪ್ ಸುತ್ತುವುದೆಲ್ಲ ಆಮೇಲೆ.

ಎರಡನೇ ಸಂಜೆ ಮೆತ್ತನೆಯ ಮಲ್ಟಿಫಿಲಮೆಂಟ್ (ಬಹಳ ನವಿರು ನೂಲು ಸೇರಿಸಿ ಮಾಡಿದ) ಗಟ್ಟು ತೆಗೆದುಕೊಂಡೆ. ಈಗಿನ ಪಾಲಿಯೆಸ್ಟರ್ ತುಂಬಾ ಬಿರುಸು, ಈ ಕುಣಿಕೆಗಳಿಗೆ ಬೇಡ. ಬಿಗಿ 50 ಪೌಂಡ್ ಇಟ್ಟೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಯಂತ್ರ ಎಳೆದ ಕೂಡಲೇ ಮೊದಲು ಕುಣಿಕೆ ಎದ್ದು ನಿಲ್ಲುತ್ತದೆ, ಆಮೇಲೆ ಗಟ್ಟು ಬಿಗಿಯಾಗುತ್ತದೆ. ಎಳೆ ಸಡಿಲವಾಗದಂತೆ ಹಿಡಿದಿಡುವ ಕ್ಲಾಂಪನ್ನು ತಕ್ಷಣ ಹಾಕಿದರೆ ಬಿಗಿ ಸುಳ್ಳು. ಪ್ರತಿ ಎಳೆಗೂ ಹತ್ತು ಎಣಿಸಿ ಕ್ಲಾಂಪ್ ಹಾಕಿದೆ. ಕುಣಿಕೆ ಪಕ್ಕಕ್ಕೆ ವಾಲಿದರೆ ದಬ್ಬಣದ ತುದಿಯಿಂದ ಮೆಲ್ಲಗೆ ನೇರ ಮಾಡಿದೆ. ಉದ್ದದ ಎಳೆ ಹಾಸು, ಅಡ್ಡದ್ದು ಹೊಕ್ಕು ಅಂದುಕೊಂಡರೆ ನೇಕಾರರ ಕೆಲಸವೇ ಇದು. ಹಾಸು ಮುಗಿದಾಗ ತಲೆಯ ಉದ್ದ ಸ್ವಲ್ಪ ಕುಗ್ಗಿತ್ತು, ಎದೆ ಧಸಕ್ ಅಂತು. ಹೊಕ್ಕು ಹಾಕುತ್ತಾ ಬಂದ ಹಾಗೆ ಮತ್ತೆ ಮೊದಲಿನ ಅಳತೆಗೆ ಬಂತು. ಅಳತೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು.

ಮಾರನೇ ದಿನ ಮಗಳ ಜೊತೆ ಕೋರ್ಟಿಗೆ ಹೋದೆ. ಅವಳ ರಾಕೆಟ್ಟಿನ ತಲೆ 100 ಚದರ ಇಂಚು. ಇದರದ್ದು ಸುಮಾರು 70. ನನ್ನ ಮಾಮೂಲಿ ಹೊಡೆತಕ್ಕೆ ಮೊದಲ ಚೆಂಡು ಬೇಲಿಗೆ ಹೋಗಿ ಬಡಿಯಿತು. ಎರಡನೆಯದೂ ಅಷ್ಟೇ. ಕುಣಿಕೆಗಳೂ ಗಟ್ಟಿನ ಜೊತೆ ಆಡುವುದರಿಂದ ಚೆಂಡು ಕವಣೆಯಿಂದ ಹೊರಟ ಹಾಗೆ ಚಿಮ್ಮುತ್ತದೆ. ನಡುಮಧ್ಯೆ ತಾಗದಿದ್ದರೆ ಎತ್ತಲೋ ಹೋಗುತ್ತದೆ.

ಇದನ್ನು ಪಳಗಿಸಿದವರು ಅಮೆರಿಕದ ಆಟಗಾರ ಜಿಮ್ಮಿ ಕಾನರ್ಸ್. 1974ರಲ್ಲಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್, ಯುಎಸ್ ಓಪನ್ ಮೂರನ್ನೂ ಇದರಲ್ಲೇ ಗೆದ್ದರು. ಉಳಿದವರೆಲ್ಲ ಬಿಟ್ಟ ಮೇಲೂ, 1980ರ ದಶಕದಲ್ಲೂ, ಅವರು ಇದನ್ನು ಬಿಡಲಿಲ್ಲ. ಅವರ ಹೊಡೆತ ಚಪ್ಪಟೆ, ಚೆಂಡು ಬಲೆಗೆ ಸವರಿಕೊಂಡೇ ಹೋಗುತ್ತಿತ್ತು. ಅದು ನೆನಪಾಗಿ ನಾನೂ ಬೀಸು ಕಡಿಮೆ ಮಾಡಿದೆ. ಚೆಂಡನ್ನು ಎತ್ತದೆ ನೇರ ತಳ್ಳಿದೆ. ಸುಮಾರು ಇಪ್ಪತ್ತನೇ ಹೊಡೆತಕ್ಕೆ ಅದು ಬೇಸ್‌ಲೈನಿನ ಒಳಗೆ ಬಿತ್ತು. "ಅಪ್ಪಾ, ಇದೇ ಥರ ಇನ್ನೊಂದು" ಅಂದಳು ಮಗಳು. ರಾಕೆಟ್ ಇನ್ನೂ ಕೈಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಮುಂದಿನ ಸಲ 55 ಪೌಂಡ್ ಹಾಕಿ ನೋಡುತ್ತೇನೆ.